ಏನು ತಂದರೂ ಪಾಪ ಅನ್ನಿಸಿದಾಗ: ಒಂದು ಆಪ್ತಸಲಹೆ ಪ್ರಕರಣ

ಹುಬ್ಬಳ್ಳಿಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿ, ವಯಸ್ಸು ನಲವತ್ತರ ಒಳಗೆ. ಮನೆಯಲ್ಲಿ ಗಂಡ, ಒಂಬತ್ತು ವರ್ಷದ ಮಗ, ಸಕ್ಕರೆ ಕಾಯಿಲೆಯ ಅತ್ತೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನನ್ನ ಬಳಿ ಕಳಿಸಿದ್ದು ಅವರ ಮನೆ ಡಾಕ್ಟರು. ತೂಕ ಇಳಿದಿತ್ತು, ರಕ್ತ ಕಡಿಮೆ ಇತ್ತು, ನಿದ್ದೆ ಹತ್ತುತ್ತಿರಲಿಲ್ಲ. ಊಟ ಸೇರುತ್ತಿಲ್ಲವೇ ಎಂದು ಡಾಕ್ಟರು ಕೇಳಿದ್ದಕ್ಕೆ, "ಹಸಿವು ಆಗ್ತದ್ರಿ, ತಿನ್ನಾಕ ಮನಸ್ಸು ಒಪ್ಪವಲ್ದು" ಎಂದಿದ್ದರಂತೆ.

ಶುರುವಾದದ್ದು ಒಂದು ಮಳೆಗಾಲದ ಸಂಜೆ. ಹತ್ತು ನಿಮಿಷದಲ್ಲಿ ಸಾಮಾನು ಮುಟ್ಟಿಸುವ ಆ್ಯಪ್‌ನಲ್ಲಿ ಕೊತ್ತಂಬರಿ, ಮೊಸರು ತರಿಸಿದ್ದರು. ತಂದ ಹುಡುಗ ಗೇಟಿನ ಮುಂದೆಯೇ ಬೈಕ್ ಜಾರಿ ಬಿದ್ದ. ಮೊಣಕಾಲು ಕೆತ್ತಿ ರಕ್ತ ಬರುತ್ತಿದ್ದರೂ ಅವನು ಮೊದಲು ಎತ್ತಿಕೊಂಡದ್ದು ಮೊಸರಿನ ಪಾಕೀಟು. ಹಿಂದೆ ಮುಂದೆ ತಿರುವಿ ನೋಡಿ, "ಒಡದಿಲ್ರೀ ಮೇಡಂ" ಅಂದನಂತೆ. ಇದನ್ನು ಹೇಳುವಾಗ ಅವರ ಗಂಟಲು ಕಟ್ಟಿತು. ಅಂದೇ ಆ್ಯಪ್ ತೆಗೆದು ಹಾಕಿದರು. ಇದರಲ್ಲಿ ಕಾಯಿಲೆ ಏನೂ ಇಲ್ಲ, ಮನುಷ್ಯರಾದವರಿಗೆ ಹಾಗೇ ಅನ್ನಿಸಬೇಕು.

ತೊಂದರೆ ಅಲ್ಲಿಂದ ಮುಂದೆ. ಕೊತ್ತಂಬರಿಯ ಹಿಂದೆ ಒಬ್ಬ ಹುಡುಗನ ಮೊಣಕಾಲಿದ್ದರೆ ಉಳಿದ ಸಾಮಾನಿನ ಹಿಂದೆ ಏನೇನಿದೆ ಎಂದು ರಾತ್ರಿ ಫೋನು ಹಿಡಿದು ಹುಡುಕತೊಡಗಿದರು. ಸಕ್ಕರೆ ಎಂದಾಗ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಿಕ್ಕಿತು. ಅಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೇಶದ ತುಂಬ ಸುದ್ದಿಯಾಗಿತ್ತು. ಒಂದು ದಿನ ಕೆಲಸ ತಪ್ಪಿದರೂ ಮುಕಾದಮ, ಅಂದರೆ ಕೂಲಿ ಗ್ಯಾಂಗಿನ ಮೇಸ್ತ್ರಿ, ದಂಡ ಹಿಡಿಯುತ್ತಾನೆ, ಮುಟ್ಟು ಬಂದರೂ ಬಿಡುವಿಲ್ಲ. ಆ ಗ್ಯಾಂಗುಗಳು ಕರ್ನಾಟಕದ ಕಾರ್ಖಾನೆಗಳಿಗೂ ಬರುತ್ತವೆ. ಶಿಕ್ಷಕಿ ಸಕ್ಕರೆ ಬಿಟ್ಟು ಮಹಾಲಿಂಗಪುರದ ಬೆಲ್ಲ ತಂದರು. ವಾರದೊಳಗೆ ಬೆಲ್ಲವೂ ಕಬ್ಬಿನದೇ ತಾನೆ ಎನ್ನಿಸಿ ಅದೂ ಡಬ್ಬಿಯಲ್ಲೇ ಉಳಿಯಿತು. ಬಿಸ್ಕೀಟಿನ ಪಾಕೀಟಿನ ಮೇಲೆ ತಾಳೆ ಎಣ್ಣೆ ಎಂದಿತ್ತು, ಕಾಡು ಕಡಿದು ಬೆಳೆದದ್ದು. ಹಾಲು ಎಂದರೆ ಬೀದಿಗೆ ಬಿಟ್ಟ ಗಂಡುಗರು. ತತ್ತಿ ಎಂದರೆ ರೆಕ್ಕೆ ಬಿಚ್ಚಲೂ ಜಾಗವಿಲ್ಲದ ಪಂಜರದ ಕೋಳಿ.

ಮೊದಲ ಭೇಟಿಗೆ ಬರುವಾಗ ಮಗನ ಹಳೆಯ ನೋಟುಬುಕ್ ತಂದಿದ್ದರು. ತಿಂಗಳ ಕಿರಾಣಿ ಯಾದಿ. ಪ್ರತಿ ಸಾಮಾನಿನ ಮುಂದೆ ಕೆಂಪು ಪೆನ್ನಿನಲ್ಲಿ ಕಾರಣ ಬರೆದು ಹೊಡೆದು ಹಾಕಿದ್ದರು. ಸಕ್ಕರೆಯನ್ನು ಬರೆದು, ಹೊಡೆದು, ಮತ್ತೆ ಬರೆದು, ಹಾಳೆ ಹರಿಯುವಷ್ಟು ಒತ್ತಿ ಮತ್ತೆ ಹೊಡೆದಿದ್ದರು. ಹೊಡೆಯದೆ ಉಳಿದದ್ದು ಜೋಳ, ತೊಗರಿಬೇಳೆ, ಉಪ್ಪು. ಉಪ್ಪಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಬಂದಾಗಿತ್ತು.

ಇಂಥವರಿಗೆ ಸುತ್ತಲಿನವರು ಕೊಡುವ ಮೊದಲ ಸಲಹೆ, "ಅಷ್ಟೆಲ್ಲಾ ತಲಿ ಕೆಡಿಸಿಕೊಳ್ಳಬ್ಯಾಡ". ನಾನು ಆ ಮಾತನ್ನು ಬೇಕೆಂದೇ ಆಡಲಿಲ್ಲ. ಅವರು ಓದಿದ್ದು ಬಹುಪಾಲು ನಿಜ. ನಿಜವನ್ನು ಸುಳ್ಳೆಂದು ಸಮಾಧಾನ ಮಾಡಿದರೆ ಎದುರಿಗಿರುವವರು ನಮ್ಮನ್ನು ನಂಬುವುದನ್ನು ಬಿಡುತ್ತಾರೆ, ಬಿಡಬೇಕು ಕೂಡ. ಬದಲಿಗೆ ಒಂದು ಪ್ರಶ್ನೆ ಕೇಳಿದೆ: "ಆ್ಯಪ್ ತೆಗೆದ ದಿನ ಮನಸ್ಸು ಹೆಂಗಿತ್ತು? ಸಕ್ಕರೆ ಬಿಟ್ಟ ದಿನ?" ತುಂಬ ಹೊತ್ತು ಯೋಚಿಸಿ ಹೇಳಿದರು: "ಆ್ಯಪ್ ತೆಗೆದಾಗ ಹಗುರ ಆತ್ರಿ. ಸಕ್ಕರಿ ಬಿಟ್ಟ ರಾತ್ರಿ ನಿದ್ದಿ ಬರಲಿಲ್ಲ, ಮುಂದಿಂದು ಯಾವುದು ಅಂತ ಹುಡುಕ್ಕೋತ ಕುಂತೆ."

ರೋಗನಿರ್ಣಯದ ದೃಷ್ಟಿಯಿಂದ ಈ ಉತ್ತರವೇ ಮುಖ್ಯ. ಮೌಲ್ಯಕ್ಕಾಗಿ ಮಾಡಿದ ಕೆಲಸ ಒಂದು ಕಡೆ ಮುಗಿಯುತ್ತದೆ, ಮುಗಿದ ಮೇಲೆ ಕೈ ಬೇರೆ ಕೆಲಸಕ್ಕೆ ಹೋಗುತ್ತದೆ. ಗೀಳಿಗೆ ಮುಗಿಯುವುದೇ ಗೊತ್ತಿಲ್ಲ. ಒಂದು ಅನುಮಾನ ತೀರಿಸಿದರೆ ಇನ್ನೊಂದು ಹಾಜರಾಗುತ್ತದೆ. ಪಾಪಪ್ರಜ್ಞೆಯೇ ಗೀಳಾಗಿ ಕಾಡುವುದುಂಟು, ಅದು ಯಾವಾಗಲೂ ದೇವರು-ಮಡಿಯ ವೇಷದಲ್ಲೇ ಬರಬೇಕೆಂದಿಲ್ಲ. ಹಾಗಾಗಿ ಅವರನ್ನು ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಿದೆ. ಗೀಳಿನ ಲಕ್ಷಣಗಳಿವೆ, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದು ಅಲ್ಲಿನ ಮನೋವೈದ್ಯರು ಹೇಳಿದರು. ರಕ್ತಹೀನತೆಗೆ ಚಿಕಿತ್ಸೆ ಬೇರೆ ನಡೆಯಿತು.

ಮಗನ ವಿಷಯ ಬಂದದ್ದು ಆಮೇಲೆ. ಮನೆಯಲ್ಲಿ ತತ್ತಿ, ಹಾಲು ನಿಂತಿದ್ದವು. ಹುಡುಗ ಖಾಸಗಿ ಶಾಲೆಗೆ ಹೋಗುತ್ತಾನೆ. ಬೇಕರಿಯಲ್ಲಿ ಎಗ್ ಪಫ್ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಬರುತ್ತಿದ್ದ. ಅವನಮ್ಮನೋ ದಿನಾ ಮಧ್ಯಾಹ್ನ ತನ್ನ ಶಾಲೆಯ ಮಕ್ಕಳಿಗೆ ಕೈಯಾರೆ ತತ್ತಿ ಹಂಚುತ್ತಿದ್ದರು. ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಎರಡು ದಿನವಿದ್ದ ತತ್ತಿ 2024ರಲ್ಲಿ ಆರು ದಿನಕ್ಕೆ ಏರಿದೆ. ಬೇಡವೆಂದವರಿಗೆ ಬಾಳೆಹಣ್ಣು. "ಹಂಚುವಾಗ ಸಂಕಟ ಆಗ್ತದೇನು?" ಎಂದೆ. "ಇಲ್ರಿ ಮೇಡಂ, ಖುಷಿ ಆಗ್ತದ. ಒಂದು ಹುಡುಗಿ ಅರ್ಧ ತಿಂದು ಅರ್ಧ ತಮ್ಮಗ ಅಂತ ಕಿಸೆದಾಗ ಇಟ್ಕೋತಾಳ..." ಎಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ನಾನೂ ಸುಮ್ಮನಿದ್ದೆ. ಆ ದಿನದ ಭೇಟಿ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯಿತು.

ಅತ್ತೆಯನ್ನು ಕರೆಸಿ ಮಾತಾಡಿಸಿದ್ದು ಈ ಪ್ರಕರಣದಲ್ಲಿ ಮಾಡಿದ ಒಳ್ಳೆಯ ಕೆಲಸ. ಸಿಟ್ಟಿನಲ್ಲೇ ಬಂದಿದ್ದರು. "ಏನ್ ತಂದ್ರೂ ಪಾಪ ಅಂತಾಳ್ರೀ. ಹಂಗಾರ ಗಾಳಿ ಕುಡದು ಬದುಕೂದೇನು?" ನೀವು ಸಂತೆ ಮಾಡುವಾಗ ಏನು ನೋಡುತ್ತಿದ್ದಿರಿ ಎಂದು ಕೇಳಿದೆ. ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳ ಹತ್ತಿರ ಚೌಕಾಶಿ ಮಾಡುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ ತಿಂಗಳ ಐದನೇ ತಾರೀಖಿನೊಳಗೆ ಚುಕ್ತಾ. ಅಂಗಡಿಯವನು ತಪ್ಪಿ ಚಿಲ್ಲರೆ ಹೆಚ್ಚು ಕೊಟ್ಟರೆ ನಡೆದುಹೋಗಿಯಾದರೂ ವಾಪಸು. ಉಳಿದ ರೊಟ್ಟಿ ಮರುದಿನ ಮುಟಿಗಿ, ಯಾವುದೂ ತಿಪ್ಪೆಗೆ ಹೋಗುವುದಿಲ್ಲ. ಸೊಸೆ ಪಕ್ಕದಲ್ಲೇ ಕೂತು ಕೇಳುತ್ತಿದ್ದರು. ಅತ್ತೆ ಇದನ್ನೆಲ್ಲ ನೀತಿ ಎಂದು ಕರೆದವರೇ ಅಲ್ಲ, ಆದರೆ ಆ ಮನೆಯಲ್ಲಿ ನೀತಿಯ ಕೊಳ್ಳುವಿಕೆ ಮೊದಲಿನಿಂದಲೂ ಇತ್ತು. ಅದು ಕಣ್ಣೆದುರಿನ ಮನುಷ್ಯರ ಜೊತೆಗಿನದು, ಹಾಗಾಗಿ ಅದಕ್ಕೊಂದು ಅಳತೆಯೂ ಇತ್ತು.

ನಾನು ಕೊಟ್ಟ ಸಲಹೆಯ ತಿರುಳು ಇಷ್ಟು. ಪಾಲಿಸಬೇಕೆಂದಿರುವ ನಿಯಮಗಳಲ್ಲಿ ನೀವೇ ಎರಡನ್ನು ಆರಿಸಿ. ನಿಮ್ಮ ನಡೆಯಿಂದ ಯಾರಿಗೆ ಏನಾಯಿತು ಎಂದು ಕಣ್ಣಿಗೆ ಕಾಣುವಂಥವಾಗಿರಲಿ. ಅವರು ಆರಿಸಿದ್ದು: ಅವಸರದ ಆ್ಯಪ್ ಬೇಡ, ಕಾಯಿಪಲ್ಲೆ ಜನತಾ ಬಜಾರಿನಲ್ಲಿ ಕೂತು ಮಾರುವವರಿಂದ, ಕೈಚೀಲ ಒಯ್ದು, ಚೌಕಾಶಿ ಮಾಡದೆ. ಯಾದಿಯನ್ನು ಮನೆಯಲ್ಲೇ ಕೂತು, ಅತ್ತೆಯ ಜೊತೆ ಬರೆಯಬೇಕು. ಬರೆದದ್ದನ್ನು ಮೂರು ತಿಂಗಳು ಬದಲಿಸುವಂತಿಲ್ಲ, ಅಂಗಡಿಯಲ್ಲಿ ನಿಂತು ಪಾಕೀಟಿನ ಹಿಂಬದಿ ಓದುವಂತಿಲ್ಲ, ರಾತ್ರಿ ಫೋನಿನಲ್ಲಿ ಹುಡುಕುವಂತಿಲ್ಲ. ಸಕ್ಕರೆ ಅರ್ಧ ಕಿಲೋ ತರಬೇಕು, ಚಹಾಕ್ಕೆ ಹಾಕಿ ಕುಡಿಯಬೇಕು, ಆಗ ಏಳುವ ಸಂಕಟವನ್ನು ಇನ್ನೊಂದು ತ್ಯಾಗದಿಂದ ತಣಿಸಲು ಹೋಗಬಾರದು. ಅದು ಏರುತ್ತದೆ, ಇಳಿಯುತ್ತದೆ. ಇಳಿಯುವವರೆಗೆ ಕೂತು ನೋಡಬೇಕು. ಇದು ಗೀಳಿಗೆ ಕೊಡುವ ಚಿಕಿತ್ಸೆಯ ಕ್ರಮವೇ. ಮಗನ ತಟ್ಟೆಯಲ್ಲಿ ತತ್ತಿ, ಹಾಲು ಇರಲಿ, ಅವನ ಎದುರು ಪಾಪದ ಮಾತು ಬೇಡ. ಬೆಳೆಯುವ ಮಗು ತಾಯಿಯ ಪ್ರಾಯಶ್ಚಿತ್ತ ಹೊರಬಾರದು. ಈ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಹಂಗಾರ ಕಬ್ಬು ಕಡಿಯೋ ಹೆಣ್ಣುಮಕ್ಕಳನ್ನ ಮರತುಬಿಡಬೇಕೇನ್ರಿ?" ಎಂದು ಕೇಳಿದರು. ಮರೆಯಬಾರದು. ಆದರೆ ಶಿಕ್ಷಕಿಯ ಮನೆಯ ಚಹಾಕ್ಕೆ ಸಕ್ಕರೆ ನಿಂತರೆ ಮುಕಾದಮ ದಂಡ ಬಿಡುವುದಿಲ್ಲ. ದಂಡ ನಿಲ್ಲಿಸಬೇಕಾದದ್ದು ಕಾನೂನು, ಕಾರ್ಮಿಕ ಇಲಾಖೆ, ಸಂಘಟನೆ. ಬೈಕಿನ ಹುಡುಗರ ವಿಷಯದಲ್ಲೂ ಅಷ್ಟೇ: 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ತಂದಿತು, ಅವರ ಸಾಮಾಜಿಕ ಭದ್ರತೆಗಾಗಿ ಕಂಪನಿಗಳು ಕಲ್ಯಾಣ ಶುಲ್ಕ ಕಟ್ಟಬೇಕು. ಯೂನಿಯನ್ನುಗಳು ವರ್ಷಗಟ್ಟಲೆ ಬೆನ್ನುಹತ್ತಿದ್ದರಿಂದ ಅದು ಬಂತು. ಶಿಕ್ಷಕಿಗೆ ಶಿಕ್ಷಕರ ಸಂಘವಿದೆ, ಮತವಿದೆ, ಪತ್ರಿಕೆಗೆ ಚೆನ್ನಾಗಿ ಬರೆಯುವ ಕೈಯಿದೆ. ಅಷ್ಟೆಲ್ಲ ದಾರಿ ಇರುವಾಗ ಇಡೀ ಭಾರವನ್ನು ಕಿರಾಣಿ ಯಾದಿಯ ಮೇಲೆ ಹೇರುವುದು ಸರಿಯಲ್ಲ. ನಮ್ಮ ಮನೆಗಳಲ್ಲಿ ಯಾದಿ ಬರೆಯುವವರು, ಬೇಯಿಸುವವರು ಬಹುತೇಕ ಹೆಂಗಸರೇ. ಲೋಕದ ತಪ್ಪಿನ ಲೆಕ್ಕವನ್ನೂ ಅವರೇ ಇಡಬೇಕು ಎಂದಾಗಿಬಿಟ್ಟಿದೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಅವರ ಮುಂದೆ ಅದನ್ನು ಮುಚ್ಚಿಡಲಿಲ್ಲ.

ಆರು ತಿಂಗಳಾಗುತ್ತ ಬಂತು. ತೂಕ ಮರಳುತ್ತಿದೆ, ಮಗ ಮನೆಯಲ್ಲೇ ತತ್ತಿ ತಿನ್ನುತ್ತಾನೆ. ಹಾಲಿನ ವಿಷಯ ಇನ್ನೂ ಬಗೆಹರಿದಿಲ್ಲ. ತಾವು ಕುಡಿಯುವುದಿಲ್ಲ, ಉಳಿದವರಿಗೆ ಕಾಯಿಸಿ ಕೊಡುತ್ತಾರೆ. ಅದು ಅವರ ಆಯ್ಕೆ, ಸಂಕಟವಿಲ್ಲದೆ ಮಾಡುತ್ತಿದ್ದಾರೆ, ನಾನು ಬಿಡಿಸಲು ಹೋಗಿಲ್ಲ. ಇಂಥದೇ ಲಕ್ಷಣ ಕಂಡವರು, ಅಂದರೆ ತಿನ್ನುವುದು ಕಡಿಮೆಯಾಗಿ, ನಿದ್ದೆ ಕೆಟ್ಟು, ಮಕ್ಕಳ ಊಟಕ್ಕೂ ಪೆಟ್ಟು ಬೀಳುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಇನ್ನು ಗಂಡ: ರಾತ್ರಿ ಹನ್ನೊಂದಕ್ಕೆ ತಮ್ಮ ಫೋನಿನಿಂದ ಅದೇ ಆ್ಯಪ್‌ನಲ್ಲಿ ಐಸ್‌ಕ್ರೀಂ ತರಿಸುತ್ತಾರೆ, ಯಾದಿ ಬರೆಯುವಾಗ ಎದ್ದು ಹೋಗುತ್ತಾರೆ. ಮುಂದಿನ ಭೇಟಿಗೆ ಅವರನ್ನೂ ಕರೆದಿದ್ದೇನೆ.