‘ಶಂಕಿತ’ ಎಂಬ ಮೂರಕ್ಷರ

“ಕಳೆದ ಸಂಚಿಕೆಯ ವರದಿಯಲ್ಲಿ ‘ದಾಖಲೆಯಿಲ್ಲದ ವಲಸಿಗರು’ ಎಂದು ಬರೆದಿದ್ದೀರಿ. ನುಸುಳುಕೋರರನ್ನು ನುಸುಳುಕೋರರು ಎನ್ನಲು ನಿಮಗೇನು ಅಡ್ಡಿ? ಪೊಲೀಸರು ಕ್ರಮಕ್ಕೆ ಮುಂದಾದರೆ ಸಾಕು, ನೀವು ಅಳುವ ಮಗುವಿನ ಫೋಟೊ ಹುಡುಕಿಕೊಂಡು ಹೊರಡುತ್ತೀರಿ. ಬೆಂಗಳೂರಿನ ವರದಿಗೆ ಗಡಿಬೇಲಿಯ ಚಿತ್ರ ಬೇರೆ! ಕಾನೂನು ಜಾರಿಯ ಬಗ್ಗೆ ಒಂದು ಸಾಲೂ ಇಲ್ಲ.”
— ಓದುಗರೊಬ್ಬರು, ಚಿತ್ರದುರ್ಗ

ಸಂಪಾದಕರ ಉತ್ತರ:

ಪತ್ರದಲ್ಲಿ ಸಿಟ್ಟಿದೆ, ಇರಲಿ. ಕೊನೆಯ ಎರಡು ಮಾತು ಸರಿಯಾಗಿಯೇ ತಾಗಿವೆ, ಅವಕ್ಕೆ ಆಮೇಲೆ ಬರುತ್ತೇನೆ. ಮೊದಲು ಪದದ ವಿಚಾರ.

ಬಹಳ ಹಿಂದೆ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದೆ. ‘ಶಂಕಿತ ಬಾಂಗ್ಲಾ ವಲಸಿಗರು ವಶಕ್ಕೆ’ ಎಂಬ ಸುದ್ದಿ ಬಂತು. ಎರಡು ಕಾಲಂನಲ್ಲಿ ತಲೆಬರಹ ಕೂರಲಿಲ್ಲ. ‘ಶಂಕಿತ’ ತೆಗೆದೆ, ಕೂತಿತು. ವಾರದ ಬಳಿಕ ಅವರಲ್ಲಿ ಹೆಚ್ಚಿನವರನ್ನು ಬಿಟ್ಟು ಕಳಿಸಿದರು. ಅದು ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂತು. ಜಾಗ ಸಾಲದೆ ನಾನು ಕೊಟ್ಟ ತೀರ್ಪು ಅದು.

2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಇದೇ ಕೆಲಸವನ್ನು ಜೆಸಿಬಿ ಮಾಡಿತು. ಇಲ್ಲಿರುವವರು ಅಕ್ರಮ ಬಾಂಗ್ಲಾದೇಶೀಯರು ಎಂಬ ವಿಡಿಯೊ ಹರಿದಾಡಿತು, ಟಿ.ವಿ.ಯಲ್ಲೂ ಅದೇ ಮಾತು. 19ನೇ ತಾರೀಕು ಭಾನುವಾರ ಶೆಡ್ಡುಗಳು ನೆಲಸಮ. ಮುರಿದ ತಗಡು, ಹರಿದ ಟಾರ್ಪಾಲಿನ ಪಕ್ಕ ಆಧಾರ್, ವೋಟರ್ ಕಾರ್ಡ್ ಹಿಡಿದು ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮ ಉತ್ತರ ಕರ್ನಾಟಕದವರೂ ಇದ್ದರು! ತೆರವಿಗೆ ಭದ್ರತೆ ಕೋರಿ ಪಾಲಿಕೆಯ ಇಂಜಿನಿಯರೊಬ್ಬರು ಪೊಲೀಸರಿಗೆ ಬರೆದಿದ್ದ ಪತ್ರ ಹೊರಬಿದ್ದು ಅವರ ಎತ್ತಂಗಡಿಯಾಯಿತು. ಹೈಕೋರ್ಟ್ ತೆರವಿಗೆ ತಡೆ ನೀಡಿತು. ಮನೆಯಂತೂ ಅಷ್ಟರಲ್ಲಿ ಹೋಗಿತ್ತು.

ಆಧಾರ್ ಪೌರತ್ವಕ್ಕೆ ಸಾಕ್ಷಿಯಲ್ಲ, ನಕಲಿ ಕಾರ್ಡೂ ಸಿಗುತ್ತದೆ ಎಂದು ನೀವು ಹೇಳಬಹುದು. ಎರಡೂ ನಿಜ. ಆದರೆ ಅದನ್ನು ತನಿಖೆ ಹೇಳಬೇಕು, ಕ್ಯಾಮೆರಾ ಅಲ್ಲ. ಮಾತು ಕೇಳಿಯೂ ಹೇಳಲಾಗದು. ಅಸ್ಸಾಮಿನ ಬರಾಕ್ ಕಣಿವೆಯಲ್ಲೂ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲೂ ಆಡುವುದು ಒಂದೇ ಸಿಲೆಟಿ ನುಡಿ. ಮೈಕು ಹಿಡಿದ ನಮ್ಮ ಹುಡುಗನಿಗೆ ಯಾರು ಯಾವ ಕಡೆಯವರೆಂದು ಹೇಗೆ ಗೊತ್ತಾಗಬೇಕು?

ಇನ್ನೊಂದು ಮಾತು. 2025ರ ಫೆಬ್ರುವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಅಲ್ಲಿನ ಗಡಿ ಗಸ್ತು ಪಡೆ ಅದರ ವಿಡಿಯೊ ಹಾಕಿ ‘ಇಲ್ಲೀಗಲ್ ಏಲಿಯನ್ಸ್’ (ಅಕ್ರಮ ವಿದೇಶಿಯರು) ಎಂದು ಕರೆಯಿತು. ನಮಗೆ ಮೈ ಉರಿಯಿತು, ಉರಿಯಬೇಕಾದ್ದೇ. ಆದರೆ ನಮ್ಮ ಪತ್ರಿಕೆಗಳಲ್ಲಿ ಅವರು ‘ಏಜೆಂಟರಿಂದ ಮೋಸಹೋದ ಯುವಕರು’, ‘ಡಂಕಿ ದಾರಿಯ (ದೇಶದಿಂದ ದೇಶಕ್ಕೆ ಕದ್ದು ದಾಟುವ ಕಳ್ಳದಾರಿಯ) ಬಲಿಪಶುಗಳು’. ನುಸುಳುಕೋರರು ಎಂದು ಎಲ್ಲೂ ಓದಿದ ನೆನಪಿಲ್ಲ. ಗಡಿ ದಾಟಿದ್ದು ಇವರೂ ಅಲ್ಲವೇ?

ಈಗ ಕಾನೂನು ಜಾರಿ. ನಾವು ಬರೆಯುವುದಿಲ್ಲ ಎಂದಿರಿ, ಒಪ್ಪಿದೆ. ದಾಳಿಯ ದಿನ ಇರುವ ಕ್ಯಾಮೆರಾ ಮಾರನೇ ದಿನ ಇರುವುದಿಲ್ಲ. ಅಕ್ರಮವಾಗಿ ಬಂದವರನ್ನು ವಾಪಸು ಕಳಿಸಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಹಿಡಿದ ಕೂಡಲೇ ಬಸ್ಸು ಹತ್ತಿಸಲು ಬರುವುದಿಲ್ಲ. ಇವನು ನಮ್ಮವನು ಎಂದು ಆ ದೇಶ ಒಪ್ಪಬೇಕು, ಪ್ರಯಾಣದ ಕಾಗದ ಕೊಡಬೇಕು. ಅಲ್ಲಿಯವರೆಗೆ ಇರಿಸಲೆಂದೇ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ, ಹಳೆಯ ಹಾಸ್ಟೆಲ್ ಕಟ್ಟಡದಲ್ಲಿ, ಕೇಂದ್ರವೊಂದಿದೆ. 1946ರ ವಿದೇಶಿಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆ ಹಿಂದೆಯೂ ಆ ವ್ಯಕ್ತಿಯದೇ, ಈಗಲೂ ಅವನದೇ. ಬೇರೆ ಅಪರಾಧಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಕಾನೂನೇ ಇಷ್ಟು ಬಿಗಿಯಿರುವಾಗ ತಲೆಬರಹವೂ ಸೇರಿ ಕತ್ತು ಹಿಚುಕಬೇಕೇ?

ಶೆಡ್ಡಿಗೆ ತಿಂಗಳ ಬಾಡಿಗೆ ಎಣಿಸಿಕೊಳ್ಳುವ ಜಾಗದ ಮಾಲೀಕ, ಕಸ ಆರಿಸಲು ಆಳು ಕರೆಸುವ ಗುತ್ತಿಗೆದಾರ, ಕಾರ್ಡು ಮಾಡಿಸಿಕೊಡುವ ದಲ್ಲಾಳಿ. ಇವರ ಫೋಟೊ ಯಾವ ಪುಟದಲ್ಲೂ ಬರುವುದಿಲ್ಲ. ನಮ್ಮದರಲ್ಲೂ ಬಂದಿಲ್ಲ. ನಿಮ್ಮ ಪತ್ರದ ಬಳಿಕ ವರದಿಗಾರರಿಗೆ ಈ ಕೆಲಸ ಒಪ್ಪಿಸಿದ್ದೇನೆ.

‘ನುಸುಳುಕೋರ’ ಪದ ನ್ಯಾಯಾಲಯ ಹೇಳುವವರೆಗೆ ನಮ್ಮ ಪುಟಗಳಲ್ಲಿ ಬರದು. ಆ ಬೇಲಿಯ ಚಿತ್ರ? ‘ಸಾಂದರ್ಭಿಕ ಚಿತ್ರ’ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದು ಜಾರಿಕೊಂಡಿದ್ದೆವು. ಆ ಬೇಲಿಗೂ ನಾವು ಬರೆದ ಕೊಳೆಗೇರಿಗೂ ಯಾವ ಸಂದರ್ಭವೂ ಇರಲಿಲ್ಲ. ಅದು ತಪ್ಪು, ನಮ್ಮದೇ.