ಕಾಲು ಮುರಿದ ಲೆಕ್ಕ ಬೇರೆ, ಕೆಲಸ ಹೋದ ಲೆಕ್ಕ ಬೇರೆ

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ವಕೀಲ ಸಾಹೇಬ್ರೇ, ನಮಸ್ಕಾರ. ನಾನು ಇಳಕಲ್‌ನಲ್ಲಿ ಸೀರೆ ನೇಯುವವನು, ವಯಸ್ಸು 38. ಸಾವಕಾರರು ನೂಲು ಕೊಡುತ್ತಾರೆ, ನೇಯ್ದ ಸೀರೆ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ತಿಂಗಳಿಗೆ ಸುಮಾರು 12,000 ಸಿಗುತ್ತಿತ್ತು. ನಾಲ್ಕು ತಿಂಗಳ ಹಿಂದೆ ಹುನಗುಂದದಿಂದ ಬೈಕ್ ಮೇಲೆ ವಾಪಸ್ ಬರುವಾಗ, ಎದುರಿಂದ ಬಂದ ಕಾರು ಲಾರಿಯನ್ನು ಓವರ್‌ಟೇಕ್ ಮಾಡಲು ಹೋಗಿ ನನಗೆ ಗುದ್ದಿತು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ, ಬಾಗಲಕೋಟೆಯಲ್ಲಿ ರಾಡ್ ಹಾಕಿದ್ದಾರೆ. ಈಗ ಕೋಲು ಹಿಡಿದು ನಡೆಯುತ್ತೇನೆ, ಆದರೆ ಮೊಣಕಾಲು ಪೂರ್ತಿ ಮಡಚುವುದಿಲ್ಲ, ಕುಣಿಮಗ್ಗಕ್ಕೆ ಇಳಿಯಲು ಆಗುತ್ತಿಲ್ಲ. ಕಾರಿನವರು ಒಳ್ಳೆಯವರೇ, ಅವತ್ತು ತಾವೇ ಆಸ್ಪತ್ರೆಗೆ ಸೇರಿಸಿದರು. ಪೊಲೀಸ್ ಕೇಸೂ ಆಗಿದೆ. ಈಗ 60,000 ಕೊಡ್ತೀನಿ, ರಾಜಿ ಮಾಡ್ಕೋ ಅನ್ನುತ್ತಿದ್ದಾರೆ. ವಿಮಾ ಕಂಪನಿ ಕಡೆಯವರು ಅಂತ ಒಬ್ಬರು ಫೋನ್ ಮಾಡಿ ಒಂದೂವರೆ ಲಕ್ಷಕ್ಕೆ ಸಹಿ ಹಾಕಿ ಅಂದರು. ಇನ್ನೊಬ್ಬ ಏಜೆಂಟ್ ಮನೆಗೇ ಬಂದು, ಕೇಸು ನಾನು ನಡೆಸ್ತೀನಿ, ಬಂದದ್ದರಲ್ಲಿ ರೂಪಾಯಿಗೆ ನಾಲ್ಕಾಣೆ ನನಗೆ ಅಂದ. ನಾನು ಹೆಲ್ಮೆಟ್ ಹಾಕಿರಲಿಲ್ಲ, ಲೈಸೆನ್ಸ್ ಅವಧಿಯೂ ಮುಗಿದಿತ್ತು. ಅದಕ್ಕೇ ಹೆದರಿಕೆ. ಏನು ಮಾಡಲಿ?
– ಹೆಸರು ಬೇಡ, ಇಳಕಲ್

ಉತ್ತರ: ಸಹಿ ಈಗಲೇ ಹಾಕಬೇಡಿ. ಅರ್ಜಿ ಮಾತ್ರ ಈಗಲೇ ಹಾಕಿ. ಜನ ಇದನ್ನು ಉಲ್ಟಾ ಮಾಡುತ್ತಾರೆ, ಕಾಲು ವಾಸಿಯಾಗಲಿ ನೋಡೋಣ ಅಂತ ಅರ್ಜಿ ಮುಂದೂಡುತ್ತಾರೆ, ಕೈಗೆ ದುಡ್ಡು ಬರುತ್ತೆ ಅಂತ ಸಹಿಗೆ ಅವಸರ ಮಾಡುತ್ತಾರೆ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹೋಗಬೇಕು. ನಿಮಗೆ ಉಳಿದಿರೋದು ಎರಡೇ ತಿಂಗಳು. (ಈ ಕಾಲಮಿತಿಯನ್ನೇ ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟ್‌ಗೆ ಹೋಗಿದ್ದಾರೆ. ಹಾಗಾಗಿ ಆರು ತಿಂಗಳು ದಾಟಿದ ಓದುಗರು ಆಸೆ ಬಿಡದೆ ಒಮ್ಮೆ ವಕೀಲರನ್ನು ಕಾಣಿ.) ಅರ್ಜಿ ಹಾಕುವಾಗ ಕಾಲು ಎಷ್ಟು ವಾಸಿಯಾಗುತ್ತೆ ಅಂತ ಗೊತ್ತಿರಬೇಕಿಲ್ಲ. ಆ ಸಾಕ್ಷ್ಯ ಕೊಡುವ ಹಂತ ಆಮೇಲೆ ಬರುತ್ತದೆ.

ಇನ್ನು ಕಾರಿನವರ ವಿಚಾರ. ಆಸ್ಪತ್ರೆಗೆ ಸೇರಿಸಿದ ಉಪಕಾರ ದೊಡ್ಡದೇ, ಅದನ್ನು ನೆನೆಯಿರಿ. ಆದರೆ ಕೇಸು ಹಾಕಿದರೆ ಅವರ ಮನೆ ಮುಳುಗುತ್ತೆ ಅಂತ ನೀವು ಅಂದುಕೊಂಡಿದ್ದರೆ ಅದು ಹಾಗಲ್ಲ. ರಸ್ತೆಗೆ ಇಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದು ಇರೋದೇ ನಿಮ್ಮಂಥವರಿಗೆ ಕೊಡಲಿಕ್ಕೆ. ಕಾರಿನ ವಿಮೆ ಅವತ್ತು ಚಾಲ್ತಿಯಲ್ಲಿದ್ದರೆ ಹಣ ಕೊಡಬೇಕಾದ್ದು ಕಂಪನಿ, ಅವರಲ್ಲ. ಹಾಗಿದ್ದೂ ತಮ್ಮ ಜೇಬಿನಿಂದ 60,000 ಕೊಡಲು ಮುಂದೆ ಬಂದಿದ್ದಾರೆ ಅಂದರೆ, ಒಂದೋ ಪೊಲೀಸ್ ಕೇಸಿನ ಭಯ, ಇಲ್ಲಾ ವಿಮೆ ಮುಗಿದಿತ್ತು. ಯಾವುದು ಅಂತ ತಿಳಿಯಲು ಠಾಣೆಯಲ್ಲಿ ವಿಮೆಯ ಪ್ರತಿ ಕೇಳಿ. ಎಫ್‌ಐಆರ್, ಸ್ಥಳದ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟ್, ಇವೆಲ್ಲದರ ಪ್ರತಿ ಬೇಕೇ ಬೇಕು. 'ನನಗೆ ಪರಿಹಾರ ಬೇಡ, ತಪ್ಪು ನನ್ನದೇ' ಅನ್ನುವ ಥರದ ಕಾಗದಕ್ಕೆ ಯಾರ ಮಾತು ಕೇಳಿಯೂ ಹೆಬ್ಬೆಟ್ಟು ಒತ್ತಬೇಡಿ.

ಈಗ ಒಂದೂವರೆ ಲಕ್ಷ. ಅದು ಕಮ್ಮಿಯೋ ಜಾಸ್ತಿಯೋ ಅಂತ ನೋಡಲು ಲೆಕ್ಕ ಹೇಗೆ ಕಟ್ಟುತ್ತಾರೆ ಅಂತ ತಿಳಿಯಬೇಕು, ಸ್ವಲ್ಪ ತಾಳ್ಮೆಯಿಂದ ಓದಿ. ನೀವು ಹೇಳಿದ 12,000 ಕೋರ್ಟ್ ಒಪ್ಪಿತು ಅಂತಿಟ್ಟುಕೊಳ್ಳಿ. ನಿಮಗೆ 40 ತುಂಬಿಲ್ಲ, ಸ್ವಂತ ದುಡಿಮೆ, ಹಾಗಾಗಿ ಮುಂದೆ ಆದಾಯ ಏರುತ್ತಿತ್ತು ಅಂತ ಶೇ 40 ಸೇರಿಸುತ್ತಾರೆ (2017ರ ಪ್ರಣಯ್ ಸೇಥಿ ತೀರ್ಪು, ಶಾಶ್ವತ ಊನವಾದ ಗಾಯಾಳುಗೂ ಇದು ಸಿಗಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ). ಅಲ್ಲಿಗೆ ತಿಂಗಳಿಗೆ 16,800, ವರ್ಷಕ್ಕೆ 2,01,600. 36ರಿಂದ 40 ವಯಸ್ಸಿನವರಿಗೆ ಇದನ್ನು 15ರಿಂದ ಗುಣಿಸುತ್ತಾರೆ, ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ಬರುವುದು 30,24,000. ಇದರಲ್ಲಿ ನಿಮ್ಮ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಗಿದೆಯೋ ಅಷ್ಟು ಪಾಲು ನಿಮ್ಮದು.

ಜಗಳ ಎಲ್ಲಾ ಇರುವುದು ಈ 'ಎಷ್ಟು' ಅನ್ನೋದರಲ್ಲೇ. ಡಾಕ್ಟರು ಬಲಗಾಲಿಗೆ ಶೇ 36 ಊನ ಅಂದರು ಅನ್ನಿ. ನಮ್ಮ ಕೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲನ್ನು ಇಡೀ ದೇಹಕ್ಕೆ ತೆಗೆದುಕೊಳ್ಳುತ್ತಾರೆ, ಅಂದರೆ ಶೇ 12, ಸಿಗುವುದು 3,62,880. ಸುಮ್ಮನಿದ್ದರೆ ಇಲ್ಲಿಗೇ ನಿಲ್ಲುತ್ತದೆ. ಆದರೆ ನೀವು ಕುರ್ಚಿ ಮೇಲೆ ಕೂತು ಲೆಕ್ಕ ಬರೆಯುವವರಲ್ಲ ಅಲ್ವಾ? ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು, ದಿನವಿಡೀ ಎರಡೂ ಕಾಲಲ್ಲಿ ತುಳಿಯಬೇಕು, ಲಾಳಿ ಕೈಯಲ್ಲಿದ್ದರೂ ಮಗ್ಗ ನಡೆಯುವುದು ಕಾಲಿನ ಬಲದಿಂದ. 2011ರಲ್ಲಿ ವರದಿಯಾದ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು: ಎಡಗೈ ಕಳೆದುಕೊಂಡ ಬಡಗಿಗೋ ಡ್ರೈವರಿಗೋ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದಂತೆ, ಅದೇ ಗುಮಾಸ್ತನಿಗೆ ಹಾಗಲ್ಲ. ಮೊಣಕಾಲು ಮಡಚದ ನೇಕಾರನಿಗೆ ಶೇ 40 ದುಡಿಮೆ ಹೋಗಿದೆ ಅಂತ ನ್ಯಾಯಾಧೀಶರಿಗೆ ಮನವರಿಕೆಯಾದರೆ ಅದೇ ಲೆಕ್ಕ 12,09,600 ಆಗುತ್ತದೆ. ಇಷ್ಟೇ ಬರುತ್ತೆ ಅಂತ ನಾನು ಮಾತು ಕೊಡುತ್ತಿಲ್ಲ, ವ್ಯತ್ಯಾಸ ಎಲ್ಲಿಂದ ಹುಟ್ಟುತ್ತೆ ಅಂತ ತೋರಿಸುತ್ತಿದ್ದೇನೆ.

ಹಾಗಾಗಿ ನೀವು ನೇಕಾರ ಅನ್ನೋದಕ್ಕೆ ಪುರಾವೆ ಕೂಡಿಸಿ. ನಮ್ಮ ಕಡೆ ಹೆಚ್ಚಿನವರು ಸೋಲುವುದು ಇಲ್ಲೇ, ಆಸ್ಪತ್ರೆ ಬಿಲ್ಲು ಒಂದು ಚೀಲ ತರುತ್ತಾರೆ, ಕೆಲಸದ ಕಾಗದ ಒಂದೂ ಇರಲ್ಲ. ಕೈಮಗ್ಗ ನೇಕಾರರ ಗುರುತಿನ ಚೀಟಿ, ನೇಕಾರ ಸಮ್ಮಾನ್ ಹಣ ಜಮಾ ಆದ ಪಾಸ್‌ಬುಕ್, ಸಾವಕಾರರು ಕೂಲಿ ಬರೆಯುವ ಪುಸ್ತಕ, ಮಗ್ಗದ ಮುಂದೆ ಕೂತ ಹಳೆಯ ಫೋಟೊ ಇದ್ದರೆ ಅದೂ. ಸಾವಕಾರರು ಬಂದು ಸಾಕ್ಷಿ ಹೇಳಿದರೆ ಬಹಳ ಒಳ್ಳೆಯದು. ಅವರು ಹಿಂದೇಟು ಹಾಕಬಹುದು, ಕೋರ್ಟ್ ಅಂದರೆ ಯಾರಿಗೂ ಬೇಡ, ಆದರೂ ಕೇಳಿ. ಆದಾಯಕ್ಕೆ ಯಾವ ಪುರಾವೆಯೂ ಇಲ್ಲದಿದ್ದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಲೋಕ ಅದಾಲತ್‌ಗೆ ಅಂತ ಮಾಡಿರುವ ಪಟ್ಟಿ ನೋಡಿ, ಆಯಾ ವರ್ಷಕ್ಕೆ ಇಷ್ಟು ಅಂತ ಅಂದಾಜು ಆದಾಯ ಹಿಡಿಯುತ್ತಾರೆ. ನಿಮ್ಮ ಕಾಲಿಗೆ ಆಪರೇಷನ್ ಮಾಡಿದ ಡಾಕ್ಟರೇ ಸಾಕ್ಷಿಗೆ ಬರುವಂತೆ ನೋಡಿಕೊಳ್ಳಿ. ಬರೀ ಶೇಕಡಾವಾರು ಸಾಲದು, 'ಕುಣಿಮಗ್ಗದಲ್ಲಿ ಕೂತು ನೇಯಲು ಆಗುವುದಿಲ್ಲ' ಅನ್ನುವ ಮಾತು ಅವರ ಬಾಯಲ್ಲಿ ಬರಬೇಕು. ರಾಡ್ ತೆಗೆಸುವ ಖರ್ಚಿನ ಅಂದಾಜನ್ನೂ ಅವರಿಂದಲೇ ಬರೆಸಿಕೊಳ್ಳಿ.

ಉಳಿದ ಬಾಬತ್ತುಗಳು ಬೇರೆ: ನೋವಿಗೆ, ಔಷಧಿಗೆ, ಓಡಾಟಕ್ಕೆ, ಹಾಸಿಗೆ ಹಿಡಿದ ತಿಂಗಳುಗಳ ಕೂಲಿಗೆ. ಹೆಂಡತಿ ಕಂಡಿಕೆ ಸುತ್ತುವುದು ಬಿಟ್ಟು ನಿಮ್ಮನ್ನು ನೋಡಿಕೊಂಡಿದ್ದರೆ ಆರೈಕೆ ಖರ್ಚು ಅಂತ ಅದನ್ನೂ ಕೇಳಿ. ಬಡ್ಡಿಯೂ ಸೇರುತ್ತದೆ.

ಹೆಲ್ಮೆಟ್, ಲೈಸೆನ್ಸ್ ಬಗ್ಗೆ ನಿದ್ದೆಗೆಡಬೇಡಿ. ಕಂಪನಿಯವರು ಎತ್ತೇ ಎತ್ತುತ್ತಾರೆ. ಮುರಿದಿದ್ದು ಕಾಲು, ಹೆಲ್ಮೆಟ್ ಇದ್ದಿದ್ದರೆ ಕಾಲು ಉಳೀತಿತ್ತಾ? ಲೈಸೆನ್ಸ್ ಇಲ್ಲದ್ದಕ್ಕೆ ದಂಡ ಹಾಕಬಹುದು, ಆದರೆ ಅದೊಂದರಿಂದಲೇ ಅಪಘಾತ ನಿಮ್ಮ ತಪ್ಪು ಅಂತ ಆಗಲ್ಲ, ಇದನ್ನೂ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಯಾರು ಯಾರ ದಾರಿಗೆ ನುಗ್ಗಿದರು ಅನ್ನುವುದು ಮುಖ್ಯ. ಮಹಜರಿನ ನಕ್ಷೆಯಲ್ಲಿ ಗುದ್ದಿದ ಜಾಗ ನಿಮ್ಮ ಬದಿಯಲ್ಲಿ ಸರಿಯಾಗಿ ಬಂದಿದೆಯೇ ಅಂತ ಇವತ್ತೇ ನೋಡಿ.

ಏಜೆಂಟನನ್ನು ಬಾಗಿಲಲ್ಲೇ ಕಳಿಸಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೇ ನಿಷಿದ್ಧ, ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದು, ಇನ್ನು ಇವನ್ಯಾವನು! ಫೀ ಎಷ್ಟು ಅಂತ ಮೊದಲೇ ಮಾತಾಡಿ. ಕೊಡಲಾಗದಿದ್ದರೆ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ ವಿಚಾರಿಸಿ.

ಲೋಕ ಅದಾಲತ್‌ನಲ್ಲಿ ರಾಜಿಯಾಗುವುದು ತಪ್ಪಲ್ಲ, ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ, ಹಾಗಾಗಿ ಡಾಕ್ಟರ ಅಂದಾಜು ಕೈಯಲ್ಲಿ ಇಲ್ಲದೆ ಅಂಕಿ ಒಪ್ಪಬೇಡಿ. ನ್ಯಾಯಮಂಡಳಿಯ ತೀರ್ಪು ಕಮ್ಮಿ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟ್‌ನ ಧಾರವಾಡ ಪೀಠಕ್ಕೆ ಹೋಗಬಹುದು.

ಪ್ರಶ್ನೆ: ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಅವ್ವನಿಗೆ ಕಾರು ಗುದ್ದಿ ನಿಲ್ಲಿಸದೆ ಹೋಯಿತು. ಸೊಂಟದ ಮೂಳೆ ಮುರಿದಿದೆ. ನಂಬರ್ ಯಾರೂ ನೋಡಿಲ್ಲ. ಏನಾದರೂ ಸಿಗುತ್ತಾ?
– ಒಬ್ಬ ಓದುಗ, ವಿಜಯಪುರ

ಉತ್ತರ: ಸಿಗುತ್ತೆ, ಆದರೆ ಸ್ವಲ್ಪ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ, ಇದು 2022ರ ಯೋಜನೆ. ಅರ್ಜಿ ಕೋರ್ಟ್‌ಗಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ. ಎಫ್‌ಐಆರ್, ಆಸ್ಪತ್ರೆ ಕಾಗದ, ಗುರುತಿನ ಚೀಟಿ, ಪಾಸ್‌ಬುಕ್ ಪ್ರತಿ ಇಟ್ಟುಕೊಂಡು ಹೋಗಿ. ಅದಕ್ಕೂ ಮೊದಲು ಆ ರಸ್ತೆಯ ಪೆಟ್ರೋಲ್ ಬಂಕ್, ಧಾಬಾ, ಟೋಲ್‌ನ ಕ್ಯಾಮೆರಾ ನೋಡುವಂತೆ ಠಾಣೆಗೆ ಬರವಣಿಗೆಯಲ್ಲಿ ಕೊಡಿ. ದೃಶ್ಯಗಳು ಬೇಗ ಅಳಿಸಿಹೋಗುತ್ತವೆ. ನಂಬರ್ ಸಿಕ್ಕರೆ ಲೆಕ್ಕವೇ ಬೇರೆ, ಮೇಲೆ ಹೇಳಿದ ದಾರಿಯಲ್ಲೇ ಹೋಗಬಹುದು.

ಪ್ರಶ್ನೆ: ನಾನು ಬೆಳಗಾವಿಯವಳು. ನಿಪ್ಪಾಣಿ ದಾಟಿ ಕಾಗಲ್ ಹತ್ತಿರ ನಮ್ಮ ಕಾರಿಗೆ ಇನ್ನೊಂದು ಕಾರು ಗುದ್ದಿ ಕೈ ಮುರಿದಿದೆ. ಕೇಸಿಗಾಗಿ ಪ್ರತಿ ಸಲ ಕೊಲ್ಹಾಪುರಕ್ಕೆ ಓಡಾಡಬೇಕಾ ಮೇಡಂ ಅಥವಾ ಸರ್?
– ಶಿಕ್ಷಕಿ, ಬೆಳಗಾವಿ

ಉತ್ತರ: ಸರ್. ಬೇಕಿಲ್ಲ. ಅಪಘಾತವಾದ ಜಾಗದಲ್ಲಾದರೂ ಸರಿ, ನೀವು ವಾಸವಿರುವ ಊರಲ್ಲಾದರೂ ಸರಿ, ಅರ್ಜಿ ಹಾಕಬಹುದು. ಬೆಳಗಾವಿಯಲ್ಲೇ ಹಾಕಿ. ಕಾಗಲ್ ಠಾಣೆಯ ಕಾಗದಗಳು ಮರಾಠಿಯಲ್ಲಿರುತ್ತವೆ, ಅವನ್ನು ಅನುವಾದ ಮಾಡಿಸಿ ಜೊತೆಗೆ ಹಚ್ಚಬೇಕಾಗುತ್ತದೆ. ದೃಢೀಕರಿಸಿದ ಪ್ರತಿಗಳನ್ನು ಒಂದೇ ಸಲ ಹೋಗಿ ಎಲ್ಲವನ್ನೂ ತಂದುಬಿಡಿ. ರಜೆ ಹಾಕಿದ ದಿನಗಳಿಗೆ ಸಂಬಳ ಕಡಿತವಾಗಿದ್ದರೆ ಶಾಲೆಯಿಂದ ಪತ್ರ ತಗೊಳ್ಳಿ. ನಿಮ್ಮ ಖಾತೆಯ ಗಳಿಕೆ ರಜೆ ಖರ್ಚಾಗಿದ್ದರೆ ಅದೂ ನಷ್ಟವೇ ಅಂತ ಕೇಳಬಹುದು.