ಓದುಗರ ಗ್ಯಾರೇಜು: ಓಮ್ನಿ ಬಿಚ್ಚಿ ಸ್ಪೋರ್ಟ್ಸ್ ಕಾರು ಕಟ್ಟಬಹುದೇ?

ಎರಡು ಸಂಚಿಕೆ ಹಿಂದೆ ನಾನೇ ಕಟ್ಟಿದ ಎರಡು ಸೀಟಿನ ಕಾರಿನ ಫೋಟೊ ಈ ಪುಟದಲ್ಲಿ ಬಂದಿತ್ತು. ಹಳೇ ಮಾರುತಿ ಓಮ್ನಿಯ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಇಟ್ಟುಕೊಂಡು, ಇಂಗ್ಲೆಂಡಿನ ಲೋಟಸ್ ಸೆವೆನ್ ಅನ್ನುವ ಹಗುರ ಸ್ಪೋರ್ಟ್ಸ್ ಕಾರಿನ ಮಾದರಿಯಲ್ಲಿ ಚೌಕ ಪೈಪಿನ ಚಾಸಿ, ಅಂದರೆ ಅಡಿ ಚೌಕಟ್ಟು, ಮಾಡಿ ಕಟ್ಟಿದ ಕಾರು ಅದು. ಬಾಗಿಲಿಲ್ಲ, ಮೇಲ್ಛಾವಣಿ ಇಲ್ಲ. ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬದಿಯ ನನ್ನ ಶೆಡ್ಡಿನಲ್ಲಿ 26 ತಿಂಗಳ ಭಾನುವಾರಗಳು ಅದಕ್ಕೆ ಹೋದವು. ಆ ಫೋಟೊ ನೋಡಿ ಬಂದ ಪತ್ರಗಳಿಗೇ ಈ ಸಲದ ಪುಟ ಪೂರ್ತಿ ಮೀಸಲು.

ಐಟಿಐ ಫಿಟ್ಟರ್ ಮುಗಿಸಿದ್ದೇನೆ. ಮನೆಯಲ್ಲಿ 2012ರ ಓಮ್ನಿ ಇದೆ, ಆರ್‌ಸಿ ಎಲ್ಲಾ ಸರಿ ಇದೆ. ಅದನ್ನು ಬಿಚ್ಚಿ ನಿಮ್ಮ ಹಾಗೆ ಕಾರು ಕಟ್ಟಿ ಅದೇ ಕೆಎ-17 ನಂಬರ್ ಹಾಕಿ ಓಡಿಸಬಹುದಾ ಸರ್? ಅದರಲ್ಲೇ ದಾವಣಗೆರೆಗೆ ಬಂದು ನಿಮಗೆ ತೋರಿಸಬೇಕು ಅನ್ನೋ ಆಸೆ.
(ಚನ್ನಗಿರಿಯ ಯುವಕ)

ಆಗಲ್ಲ ತಮ್ಮಾ. ಮೊದಲೇ ಇದನ್ನು ಹೇಳಿಬಿಡುತ್ತೇನೆ. ಇದು ಗೊತ್ತಿಲ್ಲದೆ ಒಂದು ಅಡಿ ಪೈಪನ್ನೂ ಕತ್ತರಿಸಬೇಡ.

ಓಮ್ನಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಚಾಸಿ ನಂಬರ್ ಹೊಡೆದಿರುವುದೂ ಅದರ ಮೇಲೆಯೇ. ಆ ಬಾಡಿ ಗುಜರಿಗೆ ಹೋದ ದಿನ ನಿನ್ನ ಆರ್‌ಸಿಯಲ್ಲಿ ಬರೆದಿರುವ ವಾಹನ ಮುಗಿಯಿತು. ಅದೇ ನಂಬರನ್ನು ಹೊಸ ಪೈಪಿನ ಮೇಲೆ ಹೊಡೆಯುವುದು ಅಪರಾಧ, ಯಾರು ಎಷ್ಟು ಧೈರ್ಯ ಹೇಳಿದರೂ ಆ ಕೆಲಸಕ್ಕೆ ಹೋಗಬೇಡ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಅಂತ ಬಂತು. ಹೊಸ ಕಾರು ಅಂತಲೇ ನೋಂದಾಯಿಸೋಣ ಅಂದರೆ, ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಅದರ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬೇಕು. ಸಾವಿರಾರು ಕಾರು ಮಾರುವ ಕಂಪನಿಗೆ ಆ ದಾರಿ ಸರಿ, ಶೆಡ್ಡಿನಲ್ಲಿ ಒಂದೇ ಕಾರು ಕಟ್ಟುವವನಿಗಲ್ಲ.

ಇಂಗ್ಲೆಂಡಿನ ಜನ ರಸ್ತೆ ಮೇಲೇ ಓಡಿಸುತ್ತಾರಲ್ಲ ಅಂತ ಕೇಳುತ್ತೀಯ. ಅಲ್ಲಿ ಈ ಹವ್ಯಾಸಕ್ಕೆ ತೆರಿಗೆ ಲೆಕ್ಕದ ಹಿನ್ನೆಲೆ ಇದೆ. 1957ರಲ್ಲಿ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಲೋಟಸ್ ಸೆವೆನ್ ತಂದಾಗ ಪೂರ್ತಿ ಜೋಡಿಸಿದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗಗಳ ಪೆಟ್ಟಿಗೆ ಕೊಂಡು ಮನೆಯಲ್ಲಿ ಜೋಡಿಸಿಕೊಂಡರೆ ಇರಲಿಲ್ಲ. ಹಾಗಾಗಿ ಸಂಬಳದ ಹುಡುಗರೂ ಸ್ಪೋರ್ಟ್ಸ್ ಕಾರಿನ ಮಾಲೀಕರಾದರು. 1973ರಲ್ಲಿ ಬಿಡಿಭಾಗಗಳಿಗೂ ವ್ಯಾಟ್ ತೆರಿಗೆ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಯವರ ಕೈಗೆ ಬಂತು, ಅವರು ಇವತ್ತಿಗೂ ಅದೇ ಆಕಾರದ ಕಾರು ಮಾಡುತ್ತಿದ್ದಾರೆ. ಮನೆಯಲ್ಲಿ ಕಟ್ಟಿದ ಒಂದೊಂದೇ ಕಾರನ್ನು ನೋಡಿ ಪಾಸು ಮಾಡುವ ಸರ್ಕಾರಿ ತಪಾಸಣೆ ಅಲ್ಲಿದೆ. ನಮ್ಮಲ್ಲೂ ಅಂಥದ್ದೊಂದು ಬರಲೇಬೇಕು. ನಮ್ಮ ಹುಡುಗರ ಕೈಗೆ ಕೆಲಸ ಗೊತ್ತು, ಪರೀಕ್ಷೆಗೆ ನಿಲ್ಲಲು ಜಾಗ ಇಲ್ಲ.

ನನ್ನ ಕಾರು ಇವತ್ತಿನವರೆಗೆ ಸರ್ಕಾರಿ ರಸ್ತೆ ಮೇಲೆ ಒಂದು ಗಾಲಿಯನ್ನೂ ಉರುಳಿಸಿಲ್ಲ. ಟಾಟಾ 407ರ ಹಿಂಬಾಗಿಲು ಇಳಿಸಿ, ಹಲಗೆ ಹಾಕಿ, ಮೂವರು ತಳ್ಳಿದರೆ ಹತ್ತಿಬಿಡುತ್ತದೆ. ಹರಿಹರದ ಕಡೆ ಸ್ನೇಹಿತರೊಬ್ಬರ ರೈಸ್ ಮಿಲ್ ಇದೆ. ಭತ್ತ ಒಣಗಿಸುವ ಕಾಂಕ್ರೀಟ್ ಅಂಗಳ ಸುಗ್ಗಿ ಇಲ್ಲದಾಗ ಖಾಲಿ. ಗೇಟು ಹಾಕಿಕೊಂಡು ಅಲ್ಲಿ ಓಡಿಸುತ್ತೇನೆ. ಎರಡು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟರ್ ಸ್ಪೀಡ್‌ವೇಗೆ ಹೊತ್ತುಕೊಂಡು ಹೋಗಿದ್ದೇನೆ. ಇಷ್ಟು ಸಾಕು ಅನ್ನಿಸಿದರೆ ಕಟ್ಟು. ದಿನಾ ಓಡಾಡಲು ಬೇಕು ಅಂದರೆ ನಿನ್ನ ಓಮ್ನಿಯನ್ನು ಹಾಗೇ ಇಟ್ಟುಕೋ, ಒಳ್ಳೇ ಗಾಡಿ ಅದು. ಕಟ್ಟುವುದೇ ಆದರೆ ಓಡುವ ಓಮ್ನಿಯನ್ನು ಕಡಿಯಬೇಡ. ಆಯುಷ್ಯ ಮುಗಿದದ್ದನ್ನು ಹುಡುಕಿ, ನೋಂದಣಿ ರದ್ದಾದ ಕಾಗದ ಕೈಗೆ ಬಂದಮೇಲೆ ಸ್ಪ್ಯಾನರ್ ಹಿಡಿ.

ಗೇಟು, ಗ್ರಿಲ್ ಕೆಲಸ ಮಾಡುವವನು ನಾನು. ಚಾಸಿಗೆ 25 ಎಂ.ಎಂ. ಚೌಕ ಪೈಪು, ದಪ್ಪ ಬರೀ 1.6 ಎಂ.ಎಂ. ಅಂತ ಬರೆದಿದ್ದಿರಿ. ಅಷ್ಟು ತೆಳುವು ನಾನು ಗೇಟಿಗೂ ಹಾಕುವುದಿಲ್ಲ. 3 ಎಂ.ಎಂ. ಹಾಕಿದರೆ ಗಟ್ಟಿ ಅಲ್ಲವಾ?
(ಹೊಳಲ್ಕೆರೆಯ ಓದುಗರು)

ಈ ಪತ್ರ ಓದಿ ನನಗೆ ತುಂಬಾ ಖುಷಿಯಾಯಿತು. ಕೆಲಸ ಬಲ್ಲವರ ಪ್ರಶ್ನೆ ಇದು.

ಮೊದಲು ತೂಕ ನೋಡೋಣ. 25 ಎಂ.ಎಂ. ಚೌಕ ಪೈಪು 1.6 ದಪ್ಪದ್ದಾದರೆ ಮೀಟರಿಗೆ ಸುಮಾರು 1.18 ಕೆ.ಜಿ. ನನ್ನ ಚಾಸಿಗೆ 46 ಮೀಟರ್ ಹಿಡಿಯಿತು, ಅಂದರೆ 54 ಕೆ.ಜಿ. ನೀವು ಹೇಳುವ 3 ಎಂ.ಎಂ. ಹಾಕಿದರೆ ಅದೇ ಚಾಸಿ 95 ಕೆ.ಜಿ. ಆಗುತ್ತದೆ. ಹೆಚ್ಚಾದ 41 ಕೆ.ಜಿ. ಅಲ್ಲಿಗೇ ನಿಲ್ಲುವುದಿಲ್ಲ. ಅದನ್ನು ಹೊರಲು ಸ್ಪ್ರಿಂಗ್ ದಪ್ಪ ಬೇಕು, ನಿಲ್ಲಿಸಲು ಬ್ರೇಕ್ ದೊಡ್ಡದು ಬೇಕು, ಎಳೆಯಲು ಎಂಜಿನ್ ದೊಡ್ಡದು ಬೇಕು, ಆ ಎಂಜಿನ್ನಿನ ಭಾರಕ್ಕೆ ಮತ್ತೆ ಪೈಪು ದಪ್ಪ ಬೇಕು. ಈ ಸುಳಿಗೆ ಸಿಕ್ಕಿದವರು ಕೊನೆಗೆ ಓಮ್ನಿಗಿಂತ ಭಾರದ ಗಾಡಿ ಕಟ್ಟಿ ಕೂತಿರುತ್ತಾರೆ.

ಗಟ್ಟಿತನದ ಮಾತಿಗೆ ನಿಮ್ಮ ಗೇಟನ್ನೇ ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ ಓರೆ ಪಟ್ಟಿ ಹಾಕದ ಗೇಟು ಎಷ್ಟೇ ದಪ್ಪ ಪೈಪಿನದ್ದಾದರೂ ಎರಡು ವರ್ಷಕ್ಕೆ ಜೋತುಬಿದ್ದು ನೆಲ ಕೆರೆಯುತ್ತದೆ. ಓರೆ ಪಟ್ಟಿ ಇದ್ದರೆ ತೆಳು ಪೈಪಿನ ಗೇಟೂ ಇಪ್ಪತ್ತು ವರ್ಷ ನೆಟ್ಟಗೆ ನಿಲ್ಲುತ್ತದೆ. ಚೌಕವನ್ನು ಒತ್ತಿದರೆ ವಾಲುತ್ತದೆ. ತ್ರಿಕೋನ ವಾಲಬೇಕಾದರೆ ಅದರ ಒಂದು ಕಡ್ಡಿ ಉದ್ದವಾಗಬೇಕು, ಇಲ್ಲವೇ ಗಿಡ್ಡವಾಗಬೇಕು. ಪೈಪನ್ನು ಬಗ್ಗಿಸುವುದು ಸುಲಭ, ಜಗ್ಗಿ ಉದ್ದ ಮಾಡುವುದು ಸುಲಭವಲ್ಲ. ಸೆವೆನ್ ಚಾಸಿಯ ಗುಟ್ಟೆಲ್ಲ ಇಷ್ಟೇ. ಗಾಲಿಯಿಂದ ಬರುವ ಹೊಡೆತ ಯಾವ ಪೈಪಿಗೂ ನಡುಮಧ್ಯ ಬೀಳಬಾರದು, ನಾಲ್ಕಾರು ಪೈಪು ಕೂಡುವ ಗಂಟಿಗೇ ಬೀಳಬೇಕು. ಎಂಜಿನ್ ಇಳಿಸಬೇಕಾದ ಬಾಯಿ, ಕಾಲು ಚಾಚುವ ಜಾಗ, ಇಂಥ ಕಡೆ ಓರೆ ಪೈಪು ಹಾಕಲಾಗುವುದಿಲ್ಲ. ಅಲ್ಲಿ ನೆಲಕ್ಕೂ, ಸೀಟುಗಳ ನಡುವೆ ಶಾಫ್ಟ್ ಹಾಯುವ ಸುರಂಗಕ್ಕೂ ಅಲ್ಯೂಮಿನಿಯಂ ತಗಡು ಕೂರಿಸಿ, ಅಂಟು ಹಚ್ಚಿ, ಒತ್ತೊತ್ತಾಗಿ ರಿವೆಟ್ ಹೊಡೆಯಿರಿ. ಓರೆ ಪೈಪು ಮಾಡುವ ಕೆಲಸವನ್ನು ಆ ತಗಡು ಮಾಡುತ್ತದೆ. ಸೀಟ್‌ಬೆಲ್ಟ್, ರೋಲ್‌ಬಾರ್ (ಕಾರು ಮಗುಚಿದರೆ ತಲೆ ಕಾಯುವ ಕಮಾನು) ಕಚ್ಚುವ ಕಡೆ ಮಾತ್ರ 3 ಎಂ.ಎಂ. ಪ್ಲೇಟ್ ಹಾಕಿ, ಅಲ್ಲಿ ಜಿಪುಣತನ ಬೇಡ.

ವೆಲ್ಡಿಂಗ್ ಬಗ್ಗೆ ನನಗೆ ಬಿದ್ದ ಪೆಟ್ಟು ಹೇಳುತ್ತೇನೆ. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ತಯಾರಾದ ಲೇತಿನ ಮೇಲೆ ಕೈ ತಿದ್ದಿಕೊಂಡವನು ನಾನು. ಅಳತೆ ತಪ್ಪುವುದಿಲ್ಲ ಅನ್ನುವ ನಂಬಿಕೆ ಇತ್ತು. ಒಂದು ಭಾನುವಾರ ಉತ್ಸಾಹದಲ್ಲಿ ಚಾಸಿಯ ಎಡಗಡೆ ಪೂರ್ತಿ ವೆಲ್ಡ್ ಹೊಡೆದುಬಿಟ್ಟೆ. ಮಾರನೇ ದಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಎರಡು ಕರ್ಣಗಳಿಗೆ 9 ಎಂ.ಎಂ. ವ್ಯತ್ಯಾಸ. ಬಿಸಿಯಾದ ಕಡೆ ಕಬ್ಬಿಣ ಆರುವಾಗ ಎಳೆದುಕೊಳ್ಳುತ್ತದೆ, ಪೂರಾ ಚೌಕಟ್ಟು ಆ ಕಡೆಗೆ ಸೆಳೆದುಕೊಂಡಿತ್ತು. ಹನ್ನೊಂದು ಜಾಯಿಂಟ್ ಕೊಯ್ದು ಮತ್ತೆ ಮಾಡಿದೆ. ನೀವು 18 ಎಂ.ಎಂ. ಪ್ಲೈವುಡ್ ಮೇಲೆ ನಕ್ಷೆ ಬರೆದು, ಅದಕ್ಕೆ ಮರದ ತುಂಡು ಹೊಡೆದು ಪೈಪುಗಳನ್ನು ಬಿಗಿ ಮಾಡಿ. ಇಡೀ ಚಾಸಿಗೆ ಬರೀ ಟ್ಯಾಕ್, ಅಂದರೆ ಚುಕ್ಕಿ ವೆಲ್ಡ್, ಹಾಕಿ, ಕರ್ಣ ಅಳೆಯಿರಿ. ಆಮೇಲೆ ಎಡ ಮುಂದೆ ಒಂದು, ಬಲ ಹಿಂದೆ ಒಂದು ಅಂತ ಎದುರುಬದುರು ವೆಲ್ಡ್ ಮಾಡುತ್ತಾ ಹೋಗಿ. ಇಷ್ಟು ತೆಳು ಪೈಪಿಗೆ ಕಡ್ಡಿ ವೆಲ್ಡಿಂಗ್ ತೂತು ಬೀಳಿಸುತ್ತದೆ, ತಂತಿ ತಾನಾಗಿ ಬರುವ ಮಿಗ್ ವೆಲ್ಡಿಂಗ್ ಮಷಿನ್ ಬೇಕು.

ಓಮ್ನಿ ಎಂಜಿನ್ನಿಗೆ ಇರುವುದೇ 35 ಅಶ್ವಶಕ್ತಿ. ಅದರಲ್ಲಿ ಎಂಥಾ ಸ್ಪೋರ್ಟ್ಸ್ ಕಾರು?
(ಹಿರಿಯೂರಿನ ಓದುಗರು)

ಒಂದು ಕುದುರೆಯ ಪಾಲಿಗೆ ಎಷ್ಟು ಕೆ.ಜಿ. ಬೀಳುತ್ತದೆ ಅನ್ನುವುದೇ ಲೆಕ್ಕ. ಓಮ್ನಿ 785 ಕೆ.ಜಿ. ತೂಗುತ್ತದೆ, ಒಂದು ಕುದುರೆಗೆ 22 ಕೆ.ಜಿ.ಗೂ ಮೇಲೆ. ನನ್ನ ಕಾರನ್ನು ಮೆಕ್ಕೆಜೋಳದ ದಲಾಲಿ ಅಂಗಡಿಯಿಂದ ನಾಲ್ಕು ಕಾಟಾ ತಂದು, ಒಂದೊಂದು ಗಾಲಿಯ ಕೆಳಗೆ ಒಂದೊಂದು ಇಟ್ಟು ತೂಗಿದೆ. ಮುಂದೆ 129, 133. ಹಿಂದೆ 126, 132. ಒಟ್ಟು 520. ಕುದುರೆಗೆ 15 ಕೆ.ಜಿ. ಬಂತು. ತಿರುವಿನಲ್ಲಿ, ಬ್ರೇಕಿನಲ್ಲಿ ಈ ಹಗುರತನ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ನೆಲದಿಂದ ಗೇಣು ಎತ್ತರದಲ್ಲಿ ಕೂತಿರುತ್ತೀರಿ, ಸ್ಟೇರಿಂಗನ್ನು ಬೆರಳಗಲ ತಿರುಗಿಸಿದರೆ ಕಾರು ತಿರುಗಿರುತ್ತದೆ.

ಇನ್ನಷ್ಟು ಬೇಕೆಂದರೆ 2022ಕ್ಕೆ ಮುಂಚಿನ ಮಾರುತಿ ಈಕೋ ವ್ಯಾನಿನ ಎಂಜಿನ್ ಹುಡುಕಿ. 1196 ಸಿಸಿ, 73 ಅಶ್ವಶಕ್ತಿ, ಅದೂ ಉದ್ದಕ್ಕೆ ಕೂತು ಹಿಂದಿನ ಗಾಲಿಗೆ ಶಕ್ತಿ ಕೊಡುವ ಜೋಡಣೆ. ಈ ಜೋಡಣೆ ಬಹಳ ಮುಖ್ಯ. ಮಾರುತಿ 800, ಆಲ್ಟೊ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಗಾಲಿ ತಿರುಗಿಸುವುದರಿಂದ ಸೆವೆನ್ ಆಕಾರಕ್ಕೆ ಹೊಂದುವುದಿಲ್ಲ. ಸುಜುಕಿ ಸಾಮಾನು ಅಂತ ಯಾರಾದರೂ ಮೂಗು ಮುರಿದರೆ ಒಂದು ಮಾತು ಹೇಳಿ: 2013ರಲ್ಲಿ ಕೇಟರ್‌ಹ್ಯಾಮ್‌ನವರೇ ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್, ಸುಜುಕಿಯದ್ದೇ ಹಿಂದಿನ ಆಕ್ಸಲ್ ಹಾಕಿ ಸೆವೆನ್ 160 ತಂದರು. 80 ಅಶ್ವಶಕ್ತಿ, 490 ಕೆ.ಜಿ.

ಬ್ರೇಕ್ ಓಮ್ನಿಯದ್ದೇ ಸಾಕಾ?
(ಜಗಳೂರು)

ಸಾಮಾನು ಸಾಕು, ಹಂಚಿಕೆ ಸಾಲದು. ವ್ಯಾನಿನ ಹಿಂದಿನ ಬ್ರೇಕು ಎಂಟು ಜನರ ಭಾರಕ್ಕೆ ಲೆಕ್ಕ ಹಾಕಿದ್ದು. ಮೊದಲ ಸಲ ಮಿಲ್ ಅಂಗಳದಲ್ಲಿ ಜೋರಾಗಿ ಒತ್ತಿದಾಗ ಹಿಂದಿನ ಗಾಲಿ ಮೊದಲು ಹಿಡಿದು ತಿರುಗದೆ ನಿಂತು, ಕಾರು ಪೂರ್ತಿ ಹಿಂದುಮುಂದಾಗಿ ನಿಂತಿತು. ಹಿಂದಿನ ಪೈಪಿನಲ್ಲಿ ಒತ್ತಡ ತಗ್ಗಿಸುವ, ತಿರುಗಿಸಿ ಹೊಂದಿಸಬಹುದಾದ ವಾಲ್ವ್ ಹಾಕಿ. ಖಾಲಿ ಜಾಗದಲ್ಲಿ ನಿಧಾನ ವೇಗದಿಂದ ಶುರುಮಾಡಿ, ಯಾವಾಗಲೂ ಮುಂದಿನ ಗಾಲಿಯೇ ಮೊದಲು ಹಿಡಿಯುವ ಹಾಗೆ ಮಾಡಿಕೊಳ್ಳಿ. ಇದಾಗುವವರೆಗೆ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ.

ಮಗ ಎಂಜಿನಿಯರಿಂಗ್ ಮೂರನೇ ವರ್ಷ. ನಿಮ್ಮ ಫೋಟೊ ನೋಡಿದಾಗಿನಿಂದ ಎರಡೂವರೆ ಲಕ್ಷ ಕೊಡು, ನಾನೂ ಕಾರು ಕಟ್ಟುತ್ತೇನೆ ಅಂತ ಹಠ. ಓದು ಹಾಳಾಗುತ್ತದೆ ಅನ್ನುವ ಭಯ ನನಗೆ. ಏನು ಹೇಳಲಿ?
(ದಾವಣಗೆರೆಯ ತಾಯಿಯೊಬ್ಬರು)

ಅಕ್ಕಾ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಈಗಲೇ ದುಡ್ಡು ಕೊಡಬೇಡಿ. ಬೇಡ ಅಂತ ಬಾಗಿಲನ್ನೂ ಹಾಕಬೇಡಿ. ನನಗೆ ಒಟ್ಟು 1,85,000 ಖರ್ಚಾಯಿತು, ಅದೂ ಅರ್ಧ ಸಾಮಾನು ಗುಜರಿಯಲ್ಲಿ ಆಯ್ದು, ಲೇತ್ ಕೆಲಸವೆಲ್ಲ ನಾನೇ ಮಾಡಿಕೊಂಡಿದ್ದಕ್ಕೆ. ಕೂಲಿ ಕೊಟ್ಟು ಮಾಡಿಸಿದರೆ ದುಪ್ಪಟ್ಟು. ಅವನು ಮೊದಲು ಕಾಲೇಜಿನ ರೇಸ್ ಕಾರು ಕಟ್ಟುವ ತಂಡ ಸೇರಲಿ. ತಂಡ ಇಲ್ಲದಿದ್ದರೆ ಕಟ್ಟಲಿ. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ತರುವ ಫಾರ್ಮುಲಾ ಭಾರತ್ ಸ್ಪರ್ಧೆ ಇದೆ. ಅಲ್ಲಿ ಕಾರು ಓಡಿಸುವ ಮುಂಚೆ ಬ್ರೇಕ್, ಬೆಲ್ಟ್, ಚಾಸಿ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಯಾಕೆ ಹೀಗೆ ಮಾಡಿದೆ ಅಂತ ಲೆಕ್ಕ ಕೇಳುತ್ತಾರೆ. ಓದಿದ್ದೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತದೆ. ದುಡ್ಡಿಗಿಂತ ನನಗಿರುವ ಭಯ ಬೇರೆ. ಒಬ್ಬನೇ ಕಟ್ಟಿದ ಹುಡುಗ ಒಂದು ರಾತ್ರಿ ಸ್ನೇಹಿತರ ಮಾತಿಗೆ ಅದನ್ನು ಹೈವೇಗೆ ತೆಗೆದುಕೊಂಡು ಹೋಗಿಬಿಡುತ್ತಾನೆ. ಅದಾಗಬಾರದು. ಯಾವ ಭಾನುವಾರವಾದರೂ ಅವನನ್ನು ನನ್ನ ಶೆಡ್ಡಿಗೆ ಕಳಿಸಿ, ಕಾಲಿಗೆ ಚಪ್ಪಲಿ ಬೇಡ, ಬೂಟು ಇರಲಿ.

ತಾತ ಇಟ್ಟುಕೊಂಡಿದ್ದ ಸಿಪಾನಿ ಡಾಲ್ಫಿನ್ ಕಾರು ತೋಟದ ಮನೆಯಲ್ಲಿ ಹದಿನೈದು ವರ್ಷದಿಂದ ನಿಂತಿದೆ. ಅದರ ಎಂಜಿನ್, ಆಕ್ಸಲ್ ಬಿಚ್ಚಿ ನಿಮ್ಮಂಥ ಕಾರು ಮಾಡಬಹುದಾ?
(ಚಿತ್ರದುರ್ಗ)

ದಯವಿಟ್ಟು ಬಿಚ್ಚಬೇಡಿ. ನಿಮ್ಮ ತೋಟದ ಮನೆಯಲ್ಲಿ ನಿಂತಿರುವುದೇ ಹಗುರ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ತಂದು ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಮಾಡಿದ್ದು ಅದು. ಫೈಬರ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಗಾಲಿಗೆ ಶಕ್ತಿ. ಆ ಹಗುರತನಕ್ಕೇ ಆಗಿನ ಕಾಲದ ರ‍್ಯಾಲಿ ಹುಡುಗರು ಅದನ್ನು ಹುಡುಕಿಕೊಂಡು ಹೋಗುತ್ತಿದ್ದರು. ಫೈಬರ್ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಬಾಡಿ ಉಳಿದಿರುತ್ತದೆ. ಅದರ ಕೆಳಗಿನ ಕಬ್ಬಿಣದ ಚಾಸಿಯನ್ನು ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಚುಚ್ಚಿದ ಕಡೆ ಒಳಗೆ ಹೋದರೆ ಅಲ್ಲಿ ಹೊಸ ಪ್ಲೇಟ್ ಹಾಕಿಸಬೇಕು.

ಬ್ಯಾಟರಿ ತಂದು ಸೆಲ್ಫ್ ಹೊಡೆಯುವ ಆತುರ ಮಾತ್ರ ಬೇಡ. ಮೊದಲು ಟ್ಯಾಂಕ್ ಬಿಚ್ಚಿ ಹಳೇ ಪೆಟ್ರೋಲ್ ಚೆಲ್ಲಿ, ತೊಳೆಯಿರಿ. ನಾಲ್ಕೂ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿಗೂ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಎರಡು ದಿನ ಬಿಡಿ. ಆಮೇಲೆ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ತಿರುಗದಿದ್ದರೆ ಬಲವಂತ ಮಾಡದೆ ನನಗೊಂದು ಕಾಗದ ಬರೆಯಿರಿ, ನಾನೇ ಚಿತ್ರದುರ್ಗಕ್ಕೆ ಬರುತ್ತೇನೆ.